ಏಳನೇ ಹಾಸಿಗೆಯ ಗಡ್ಡ

ಡಿಸೆಂಬರ್ 2

ಗುಬ್ಬಿ,

ನಿನ್ನ ಕಾಗದ ಬಂತು. ಅಕ್ಷರ ನೋಡಿದರೆ ಓಡುವ ಬಸ್ಸಿನಲ್ಲಿ ಕೂತು ಬರೆದ ಹಾಗಿದೆ. ಅಪ್ಪ ಮಗಳಿಗೆ ಫೋನು ಸಾಲದೇ ಎಂದು ನಿನ್ನ ಅಮ್ಮ ಕೇಳುತ್ತಾಳೆ. ಸಾಲದು. ಫೋನಿನಲ್ಲಿ ನೀನು "ಚೆನ್ನಾಗಿದ್ದೀನಪ್ಪ" ಅನ್ನುತ್ತೀ, ನಾನು "ನಾವೂ ಚೆನ್ನಾಗಿದ್ದೀವಮ್ಮ" ಅನ್ನುತ್ತೇನೆ, ಇಬ್ಬರೂ ಒಂದೊಂದು ಸುಳ್ಳು ಹೇಳಿ ಫೋನ್ ಇಡುತ್ತೇವೆ. ಕಾಗದದಲ್ಲಾದರೆ ಎರಡನೇ ಪುಟಕ್ಕೆ ಬರುವ ಹೊತ್ತಿಗೆ ನಿಜ ಹೊರಗೆ ಬೀಳುತ್ತದೆ.

ನಾನು ಕ್ಷೌರದ ಅಂಗಡಿ ಮುಚ್ಚಿ ಆಸ್ಪತ್ರೆಯ ಕೆಲಸಕ್ಕೆ ಸೇರಿ ಈ ತಿಂಗಳಿಗೆ ಆರು ವರ್ಷ. ಈಗಲೂ ಅದೇ ಮೂಳೆ ವಾರ್ಡು, ಗಂಡಸರ ಕಡೆ, ಹದಿನಾಲ್ಕು ಹಾಸಿಗೆ. ಅಂಗಡಿಯಲ್ಲಿ ಗಿರಾಕಿ ಅರ್ಧ ಗಡ್ಡಕ್ಕೇ ಎದ್ದು ಹೋದಾನು ಎಂಬ ಭಯವಿತ್ತು. ಇಲ್ಲಿ ಎಲ್ಲರ ಕಾಲಿಗೂ ಕಟ್ಟು ಹಾಕಿದೆ, ನನ್ನ ಮಾತು ಕೇಳದೆ ಬೇರೆ ದಾರಿಯಿಲ್ಲ. ಬೆಳಿಗ್ಗೆ ಡಬ್ಬಿ, ಬಿಸಿನೀರು, ಟವೆಲ್ಲು ಹಿಡಿದು ಒಂದನೇ ಹಾಸಿಗೆಯಿಂದ ಶುರು ಮಾಡಿದರೆ ಮಧ್ಯಾಹ್ನದ ಊಟದ ಗಾಡಿ ಬರುವ ಹೊತ್ತಿಗೆ ಏಳೋ ಎಂಟೋ ಮುಖ ಮುಗಿಯುತ್ತದೆ. ಉಳಿದವರದು ಮಾರನೇ ದಿನ. ನನ್ನ ಗುರು ಹೇಳುತ್ತಿದ್ದ, "ಸಾಲಗಾರ ಕಾದಾನು, ನೆಂಟ ಕಾದಾನು, ಗಡ್ಡ ಕಾಯಲ್ಲ ಕಣೋ." ಆರು ವರ್ಷದಲ್ಲಿ ನಾನು ಒಂದು ದಿನವೂ ತಪ್ಪಿಸಿಲ್ಲ.

ಏಳನೇ ಹಾಸಿಗೆಗೆ ಹೊಸಬರು ಬಂದಿದ್ದಾರೆ. ರೇಖಾಗಣಿತ ಕಲಿಸುತ್ತಿದ್ದ ಮೇಷ್ಟ್ರು, ನಿವೃತ್ತರು. ಬಲ್ಬು ಬದಲಿಸಲು ಸ್ಟೂಲು ಹತ್ತಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಚೆನ್ನಾಗಿ ಆಗಿದೆ. ಕಿವಿ ಮಾತ್ರ ಮಂದ, ನನ್ನ ತುಟಿ ನೋಡಿಯೇ ಮಾತು ಹಿಡಿಯುತ್ತಾರೆ. ಚಳಿಗಾಲ ಬಂತೆಂದು ದೊಡ್ಡ ಸಿಸ್ಟರ್ ಎಲ್ಲರ ಮೂತಿಗೂ ಮಾಸ್ಕು ಕಟ್ಟಿಸಿದ್ದಾರಲ್ಲ, ಇವರ ಹಾಸಿಗೆಯ ಹತ್ತಿರ ಬಂದಾಗ ನಾನು ಅದನ್ನು ಗದ್ದಕ್ಕೆ ಇಳಿಸುತ್ತೇನೆ. ಮೀಸೆ ಕತ್ತರಿಸಿದ ಮೇಲೆ ಕನ್ನಡಿ ಹಿಡಿದು, "ಎಡಗಡೆ ಎರಡು ಡಿಗ್ರಿ ಜಾಸ್ತಿ ಇದೆಯಲ್ರೀ" ಅನ್ನುತ್ತಾರೆ. ನಿಜವಾಗಿಯೂ ಇರುತ್ತದೆ, ಹಾಳಾದ್ದು. ಸರಿ ಮಾಡಿ, ಕೆನ್ನೆಯ ಮೇಲೆ ಬಿದ್ದ ಚೂರು ಕೂದಲನ್ನು ಉಫ್ ಎಂದು ಊದಿದರೆ ಮಕ್ಕಳ ಹಾಗೆ ಕಣ್ಣು ಮುಚ್ಚಿಕೊಂಡು ನಗುತ್ತಾರೆ. ನೀನೂ ಹಾಗೇ ನಗುತ್ತಿದ್ದೆ.

ನಿನ್ನ ಕೆಲಸ ಏನೆಂದು ಪಕ್ಕದ ಮನೆಯವರು ಕೇಳಿದರು. "ಸತ್ತವರ ಕಾಗದ ಓದುತ್ತಾಳೆ" ಎಂದೆ. ಅವರು ಮತ್ತೆ ಕೇಳಲಿಲ್ಲ.

ನಿನ್ನ ಅಪ್ಪ

*

ಡಿಸೆಂಬರ್ 14

ಅಪ್ಪಾ,

ಪಕ್ಕದ ಮನೆಯವರನ್ನು ಹಾಗೆ ಹೆದರಿಸಬೇಡ. ನೀನು ಹೇಳಿದ್ದು ಸುಳ್ಳೇನಲ್ಲ. ಕಾಲು ಮುರಿದೋ, ಕಣ್ಣಿನ ಪೊರೆಗೋ, ಸಕ್ಕರೆ ಕಾಯಿಲೆಗೋ ಆಸ್ಪತ್ರೆ ಸೇರಿದವರು ಚಳಿಗಾಲದಲ್ಲಿ ಅಲ್ಲೇ ಫ್ಲೂ ಅಂಟಿಸಿಕೊಂಡು ಸಾಯುತ್ತಾರೆ. ಅವರ ಸಾವಿನ ಕಾಗದದಲ್ಲಿ ಹೃದಯ ಎಂದೋ ಶ್ವಾಸಕೋಶ ಎಂದೋ ವಯಸ್ಸು ಎಂದೋ ಬರೆದಿರುತ್ತದೆ. ಅಂಥ ಕಡತಗಳನ್ನು ಮೊದಲ ಪುಟದಿಂದ ಓದಿ, ಜ್ವರ ಯಾವತ್ತು ಬಂತು, ಯಾರಿಂದ ಬಂದಿರಬಹುದು ಎಂದು ಹುಡುಕುವುದು ನಮ್ಮ ಏಳು ಜನರ ಕೆಲಸ. ಲೆಕ್ಕಕ್ಕೆ ಬಾರದ ಸಾವಿಗೆ ಯಾರೂ ಔಷಧಿ ತರಿಸುವುದಿಲ್ಲ ಎಂದು ನಮ್ಮ ಡಾಕ್ಟರಮ್ಮ ಹೇಳುತ್ತಿರುತ್ತಾರೆ.

ಅದಕ್ಕೇ ಈ ಮಾತು. ಮಾಸ್ಕು ಇಳಿಸಬೇಡ. ಮೇಷ್ಟ್ರಿಗೆ ಹೇಳುವುದನ್ನು ಸ್ಲೇಟಿನಲ್ಲಿ ಬರೆದು ತೋರಿಸು, ಅವರಿಗೆ ಸ್ಲೇಟು ಹೊಸದೇನಲ್ಲ. ಊದುವುದನ್ನೂ ಬಿಡು. ನಿನಗೆ ಆಗುವುದಿಲ್ಲ ಎಂದು ಗೊತ್ತು, ಆದರೂ ಹೇಳಿದ್ದೇನೆ. ಅಮ್ಮನಿಗೆ ಹೊಸ ಸ್ವೆಟರ್ ಕಳಿಸಿದ್ದೇನೆ, ಬಣ್ಣ ಇಷ್ಟವಾಗದಿದ್ದರೆ ನೀನು ಹಾಕಿಕೋ.

ನಿನ್ನ ಗುಬ್ಬಿ

*

ಜನವರಿ 11

ಗುಬ್ಬಿ,

ಮೇಷ್ಟ್ರು ಹೋಗಿಬಿಟ್ಟರು.

ಸೋಮವಾರ ಮನೆಗೆ ಕಳಿಸುತ್ತೇವೆ ಎಂದು ಡಾಕ್ಟರು ಹೇಳಿಯಾಗಿತ್ತು. ವಾಕರ್ ಹಿಡಿದು ಬಾಗಿಲಿನವರೆಗೆ ಹೋಗಿ ಬರುತ್ತಿದ್ದರು. ಭಾನುವಾರ ಜ್ವರ ಬಂತಂತೆ, ಆಮೇಲೆ ಕೆಮ್ಮು. ನನಗೂ ಮೈ ಸರಿ ಇರಲಿಲ್ಲ, ನಾಲ್ಕು ದಿನ ಮನೆಯಲ್ಲೇ ಮಲಗಿದ್ದೆ. ಬುಧವಾರ ಹೋಗಿ ನೋಡುತ್ತೇನೆ, ಮೂಗಿಗೆ ಆಮ್ಲಜನಕದ ಕೊಳವೆ, ಉಸಿರಿಗೊಮ್ಮೆ ಭುಜ ಎದ್ದು ಬೀಳುತ್ತಿದೆ. ನನ್ನನ್ನು ನೋಡಿ ಗದ್ದ ಸವರಿಕೊಂಡರು, ಬೆಳೆದಿದೆ ನೋಡಿ ಎನ್ನುವ ಹಾಗೆ. ನಾಳಿದ್ದು ಮಾಡೋಣ ಎಂದೆ. ಶುಕ್ರವಾರ ಬೆಳಿಗ್ಗೆ ನಾನು ಮೂರನೇ ಹಾಸಿಗೆಯಲ್ಲಿ ಸೋಪು ಹಚ್ಚುತ್ತಿದ್ದಾಗ ಆ ಕಡೆ ಪರದೆ ಎಳೆದರು.

ನಾಲ್ಕನೇ ಹಾಸಿಗೆಯವರು ಅವರಿಗಿಂತ ಎರಡು ದಿನ ಮೊದಲೇ ಹೋಗಿದ್ದರು, ಹನ್ನೊಂದನೆಯವರು ನಿನ್ನೆ. ಮೂವರಿಗೂ ಮೂಳೆ ಮುರಿದಿತ್ತು ಅಷ್ಟೇ. ಮೇಷ್ಟ್ರ ಕಾಗದದಲ್ಲಿ ಹೃದಯ ನಿಂತು ಸಾವು ಎಂದು ಬರೆದಿದ್ದಾರೆ. ಹೃದಯ ನಿಲ್ಲದೆ ಯಾರಾದರೂ ಸಾಯುತ್ತಾರೆಯೇ?

ಅವರ ಹೆಂಡತಿ ಬಂದಿದ್ದರು. ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿ, "ಕಾಯಿಲೆಗೆ ಮುಂಚೆ ಶುಕ್ರವಾರ ನೀವು ಮೀಸೆ ತಿದ್ದಿದ್ರಲ್ಲ, ಅವತ್ತು ಎಷ್ಟು ಖುಷಿಯಾಗಿದ್ರು ಗೊತ್ತಾ, ಮದುಮಗನ ಥರಾ ಕಾಣ್ತೀನಾ ಅಂತ ನನ್ನೇ ಕೇಳಿದ್ರು" ಎಂದು ಕೈ ಮುಗಿದರು.

ನಿನ್ನ ಅಪ್ಪ

*

ಜನವರಿ 20

ಅಪ್ಪಾ,

ಓದಿ ಬಹಳ ಬೇಜಾರಾಯಿತು. ಅವರನ್ನು ನೋಡದಿದ್ದರೂ ನನಗೆ ಅವರ ಮೀಸೆ ಗೊತ್ತಿತ್ತು.

ಒಂದು ಮಾತು ಕೇಳಬೇಕು. ನಿನಗೆ ಮೈ ಸರಿ ಇರಲಿಲ್ಲ ಎಂದು ಬರೆದಿದ್ದೀಯಲ್ಲ, ಅದು ಏನು? ನೆಗಡಿಯೇ? ಯಾವ ದಿನ ಶುರುವಾಯಿತು? ಈಗ ಆರಾಮಾಗಿದ್ದೀಯಾ? ಮೂರು ಪ್ರಶ್ನೆಗೂ ಉತ್ತರ ಬರೆ. ಕೊನೆಯದಕ್ಕೆ ಮಾತ್ರ ಬರೆದು ತಪ್ಪಿಸಿಕೊಳ್ಳಬೇಡ.

ನಿನ್ನ ಗುಬ್ಬಿ

*

ಜನವರಿ 30

ಗುಬ್ಬಿ,

ನಾನು ಆರಾಮಾಗಿದ್ದೇನೆ.

ವಾರ್ಡಿಗೆ ಸುಣ್ಣ ಬಳಿಯುತ್ತಿದ್ದಾರೆ. ಕಿಟಕಿ ತೆರೆದಿಡಿ ಎಂದು ದೊಡ್ಡ ಸಿಸ್ಟರ್, ಚಳಿ ಎಂದು ರೋಗಿಗಳು, ದಿನವಿಡೀ ಇದೇ ಜಗಳ. ಕಿಟಕಿ ಅರ್ಧ ತೆರೆದು ಇಬ್ಬರೂ ಸೋತಿದ್ದಾರೆ. ಏಳನೇ ಹಾಸಿಗೆಗೆ ಒಬ್ಬ ಲಾರಿ ಡ್ರೈವರ್ ಬಂದಿದ್ದಾನೆ, ಗಡ್ಡ ಬಿಟ್ಟವನು, ನನ್ನ ಕೆಲಸವಿಲ್ಲ. ನನಗೂ ಅದೇ ಒಳ್ಳೆಯದಾಯಿತು. ಅಮ್ಮನಿಗೆ ಸ್ವೆಟರಿನ ಬಣ್ಣ ಇಷ್ಟವಾಗಲಿಲ್ಲ, ಆದರೆ ನನಗೂ ಕೊಡುತ್ತಿಲ್ಲ.

ನೀನು ಕೇಳಿದ ದಿನ ನೆನಪಿಲ್ಲ. ಚಳಿಗಾಲದಲ್ಲಿ ಯಾರ ಮೂಗು ಸೋರುವುದಿಲ್ಲ? ಈ ವಯಸ್ಸಿನಲ್ಲಿ ದಿನ ವಾರ ಎಲ್ಲ ಎಲ್ಲಿ ನೆನಪಿರುತ್ತದೆ.

ನಿನ್ನ ಅಪ್ಪ

*

ಫೆಬ್ರವರಿ 8

ಅಪ್ಪಾ,

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ನಿಮ್ಮ ಆಸ್ಪತ್ರೆಯ ಕಡತಗಳು ನನ್ನ ಮೇಜಿಗೇ ಬಂದವು. ಏಳನೇ ಹಾಸಿಗೆ ಎಂದು ಕಂಡ ತಕ್ಷಣ ಮುಚ್ಚಿ, ಡಾಕ್ಟರಮ್ಮನ ಬಳಿ ಹೋಗಿ, "ಇಲ್ಲಿ ನಮ್ಮಪ್ಪ ಕೆಲಸ ಮಾಡ್ತಾರೆ, ನಾನು ತೀರ್ಮಾನ ಮಾಡೋದು ಸರಿಯಲ್ಲ" ಎಂದೆ. ಅದು ಈಗ ಎದುರು ಮೇಜಿನವಳ ಹತ್ತಿರ ಇದೆ. ನಿನಗೆ ಬರೆಯಲು ಡಾಕ್ಟರಮ್ಮನ ಒಪ್ಪಿಗೆ ತೆಗೆದುಕೊಂಡೇ ಬರೆಯುತ್ತಿದ್ದೇನೆ.

ಅವಳು ಓದಿ ಹೇಳಿದ್ದು ಇಷ್ಟು. ನಾಲ್ಕನೆಯವರ ಗಂಟಲ ದ್ರವ ಪರೀಕ್ಷೆಯಾಗಿದೆ, ಫ್ಲೂ ಇತ್ತು. ಹನ್ನೊಂದನೆಯವರಿಗೂ ಇತ್ತು. ಮೇಷ್ಟ್ರದು ತೆಗೆದೇ ಇಲ್ಲ. ಪರೀಕ್ಷೆ ಇಲ್ಲದಿದ್ದರೆ, ಜ್ವರಕ್ಕೆ ಮುಂಚಿನ ನಾಲ್ಕು ದಿನಗಳಲ್ಲಿ ನೆಗಡಿ ಕೆಮ್ಮು ಇದ್ದವರು ಹತ್ತಿರ ಬಂದಿದ್ದರು ಎನ್ನುವುದಕ್ಕೆ ಸಾಕ್ಷಿ ಬೇಕು. ವಾರ್ಡಿನ ಡಾಕ್ಟರು ಮೇಷ್ಟ್ರನ್ನೇ ಕೇಳಿದ್ದಾರೆ. ಕಡತದಲ್ಲಿ ಹೀಗಿದೆ: "ನೆಗಡಿ ಇದ್ದವರ ಸಂಪರ್ಕ: ಇಲ್ಲ ಎಂದು ರೋಗಿಯ ಹೇಳಿಕೆ."

ಅವರನ್ನು ಮುಟ್ಟಿದವರ ಪಟ್ಟಿಯೂ ಇದೆ. ಡಾಕ್ಟರು, ನರ್ಸುಗಳು, ವ್ಯಾಯಾಮ ಮಾಡಿಸುವವರು, ಕಸ ಗುಡಿಸುವವರು, ಹೆಂಡತಿ. ನೀನಿಲ್ಲ. ನಮೂನೆಯಲ್ಲಿ ಕ್ಷೌರಿಕನಿಗೆ ಕಾಲಮ್ಮೇ ಇಲ್ಲ. ಆರು ವರ್ಷ ಆ ವಾರ್ಡಿನ ಎಲ್ಲರ ಮುಖ ಮುಟ್ಟಿದವನು ಅಲ್ಲಿಗೆ ಬಂದೇ ಇಲ್ಲ ಎನ್ನುವ ಹಾಗಿದೆ.

ಒಂದು ವಾರ್ಡಿನಲ್ಲಿ ಮೂರು ಸಾವು ಒಳಗಿನ ಸೋಂಕಿನಿಂದ ಎಂದು ತೋರಿಸಿದರೆ ಆಸ್ಪತ್ರೆ ತನ್ನ ಕ್ರಮ ಬದಲಿಸಲೇಬೇಕು. ಕೆಮ್ಮಿದವರಿಗೆಲ್ಲ ಅದೇ ದಿನ ಪರೀಕ್ಷೆ, ನೆಗಡಿ ಬಂದ ಕೆಲಸಗಾರರಿಗೆ ಸಂಬಳ ಕತ್ತರಿಸದ ರಜೆ. ಎರಡೇ ಆದರೆ ಕಾಗದ ಕಪಾಟು ಸೇರುತ್ತದೆ.

ದಿನ ನೆನಪಿಲ್ಲ ಎಂದು ಬರೆದಿದ್ದೀಯ. ನಾನು ಮೊದಲ ಸಲ ಹಾಸ್ಟೆಲ್ಲಿಗೆ ಹೋದದ್ದು ಯಾವ ವಾರ ಎಂದು ನಿನಗೆ ಇವತ್ತಿಗೂ ನೆನಪಿದೆ. ಅಮ್ಮನನ್ನು ಕೇಳಿದರೆ ಒಂದು ನಿಮಿಷದಲ್ಲಿ ಹೇಳುತ್ತಾಳೆ. ಕೇಳುವುದಿಲ್ಲ. ಹೇಳುವುದಾದರೆ ನೀನೇ ಹೇಳಬೇಕು.

ನಿನ್ನ ಗುಬ್ಬಿ

*

ಮಾರ್ಚ್ 3

ಗುಬ್ಬಿ,

ನಿನ್ನ ಕಾಗದವನ್ನು ಕ್ಷೌರದ ಡಬ್ಬಿಯ ತಳದಲ್ಲಿ ಇಟ್ಟುಕೊಂಡು ಮೂರು ವಾರ ಓಡಾಡಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ವಾರ್ಡಿನಲ್ಲಿ ಯಾರು ಕೆಮ್ಮಿದರೂ ನಾನು ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

ಗುರುವಾರ. ಗುರುವಾರ ಮಧ್ಯಾಹ್ನ ಶುರುವಾಯಿತು. ಮಂಗಳವಾರ ನಾಲ್ಕನೆಯವರ ಗಡ್ಡ ಮಾಡಿದ್ದೆ, ಅವರು ಆಗಲೇ ಕೆಮ್ಮುತ್ತಿದ್ದರು. ಗುರುವಾರ ಮೂರು ಸೀನು, ಸಂಜೆಗೆ ಗಂಟಲು ಕೆರೆತ. ಶುಕ್ರವಾರ ಬೆಳಿಗ್ಗೆ ನಿನ್ನ ಅಮ್ಮ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬಾಗಿಲಿಗೆ ಅಡ್ಡ ನಿಂತಳು. "ಮೂಗು ನಲ್ಲಿ ಥರಾ ಸೋರ್ತಿದೆ, ಇವತ್ತು ಒಂದಿನ ಬಿಟ್ರೆ ಆಸ್ಪತ್ರೆ ಮುಚ್ಚಿಹೋಗುತ್ತಾ?" ಎಂದಳು. ನಾನು ದೊಡ್ಡ ಜಾಣನ ಹಾಗೆ, "ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋಕಾಗುತ್ತೇನೆ?" ಎಂದು ನಕ್ಕು ಹೊರಟೆ.

ಯಾಕೆ ಹೋದೆ ಎಂದು ಕೇಳುತ್ತೀ. ಮೇಷ್ಟ್ರು ಸೋಮವಾರ ಮನೆಗೆ ಹೋಗುವವರಿದ್ದರು. ಒಂದು ತಿಂಗಳ ಮೇಲೆ ಮನೆಗೆ ಹೋಗುವವರನ್ನು ಕುರುಚಲು ಗಡ್ಡದಲ್ಲಿ ಕಳಿಸಬಾರದು ಎನ್ನಿಸಿತು. ಒಂದು ದಿನವೂ ತಪ್ಪಿಸದವನು ಎಂಬ ಜಂಭವೂ ಇತ್ತು. ಅದನ್ನು ಮುಚ್ಚಿಡುವುದಿಲ್ಲ.

ಅವರೊಬ್ಬರದೇ ಮಾಡಿ ಬಂದುಬಿಡೋಣ ಎಂದುಕೊಂಡೆ. ಕನ್ನಡಿ ಹಿಡಿದು ಕಾಯುತ್ತಿದ್ದರು. ಮಾಸ್ಕು ಗದ್ದಕ್ಕೆ ಇಳಿಸಿದೆ, ಮಾತಾಡಬೇಕಲ್ಲ. ಗಡ್ಡ ತೆಗೆದೆ, ಮೀಸೆ ತಿದ್ದಿದೆ. ಎಡಗಡೆ ಒಂದು ಡಿಗ್ರಿ ಜಾಸ್ತಿ ಎಂದರು, ಮತ್ತೆ ತಿದ್ದಿದೆ. ಆಮೇಲೆ ಊದಿದೆ. ಒಂದು ಸಲವಲ್ಲ, ಎರಡು ಸಲ. ಅವರು ಕಣ್ಣು ಮುಚ್ಚಿಕೊಂಡು ನಕ್ಕರು.

ನಲವತ್ತು ವರ್ಷದಿಂದ ಊದಿದ್ದೇನೆ ಗುಬ್ಬಿ. ಊದದೆ ಎದ್ದರೆ ಕ್ಷೌರ ಮುಗಿದ ಹಾಗೇ ಅಲ್ಲ ಎಂದು ಗುರು ಕಲಿಸಿದ್ದ. ನೀನು ಬೇಡ ಎಂದು ಬರೆದಿದ್ದೆ. ಓದಿದ್ದೆ. ಮಗಳು ನಾಲ್ಕು ಅಕ್ಷರ ಕಲಿತು ಅಪ್ಪನಿಗೇ ಕೆಲಸ ಹೇಳಿಕೊಡುತ್ತಾಳೆ ಎಂದು ನಿನ್ನ ಅಮ್ಮನ ಮುಂದೆ ಹೆಮ್ಮೆಯಿಂದಲೇ ಹೇಳಿಕೊಂಡು ಮರೆತೆ.

ಇದನ್ನೇ ಇನ್ನೊಂದು ಹಾಳೆಯಲ್ಲಿ ಬರೆದು, ಸಹಿ ಮಾಡಿ, ದೊಡ್ಡ ಸಿಸ್ಟರ್ ಕೈಗೆ ಕೊಟ್ಟೆ. ನಿಂತೇ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು, "ನಾನು ಹೇಳಿ ಕಳಿಸೋವರೆಗೂ ಬರಬೇಡಿ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದು ಪ್ರತಿ ಇದರ ಜೊತೆ ಇಟ್ಟಿದ್ದೇನೆ, ನಿನ್ನ ಎದುರು ಮೇಜಿನವಳಿಗೆ ಕೊಡು.

ನಿನ್ನ ಅಪ್ಪ

*

ಮಾರ್ಚ್ 9

ಅಪ್ಪಾ,

ಕೊಟ್ಟೆ. ಅವಳು ಓದುವಾಗ ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತೆ.

ನಿನಗೆ ಎರಡು ಮಾತು ಹೇಳಬೇಕು. ನಿನ್ನಿಂದಲೇ ಬಂತು ಎಂದು ಯಾರೂ ಹೇಳಲಾರರು. ನೆಗಡಿ ಇದ್ದಾಗ ಹನ್ನೊಂದನೆಯವರನ್ನು ನೀನು ಮುಟ್ಟೇ ಇಲ್ಲ, ಅವರಿಗೂ ಬಂತು. ರೋಗ ಆಗಲೇ ವಾರ್ಡಿನಲ್ಲಿ ಓಡಾಡುತ್ತಿತ್ತು, ನಿನಗೂ ಅಲ್ಲೇ ಅಂಟಿರಬೇಕು. ಇದು ಸಮಾಧಾನಕ್ಕೆ ಹೇಳುತ್ತಿರುವುದಲ್ಲ, ಕಡತದಲ್ಲಿರುವುದು. ಇನ್ನೊಂದು, ನಿನ್ನಿಂದ ಅಲ್ಲ ಎಂದೂ ನಾನು ಹೇಳಲಾರೆ. ಹೇಳಿದರೆ ನೀನೂ ನಂಬುವುದಿಲ್ಲ.

ಮೇಷ್ಟ್ರ ಸಾವು ಲೆಕ್ಕಕ್ಕೆ ಸೇರಿದೆ. ಮೂರಾಯಿತು.

ಚಿಕ್ಕವಳಿದ್ದಾಗ ನೀನು ನನ್ನ ಕೂದಲು ಕತ್ತರಿಸಿ ಕತ್ತಿನ ಹಿಂದೆ ಊದುತ್ತಿದ್ದೆಯಲ್ಲ, ಅದನ್ನು ಈಗಲೂ ನನಗೆ ಬೇಜಾರಿಲ್ಲದೆ ನೆನೆಯಲು ಆಗುತ್ತದೆ. ನಿನ್ನ ಮೇಲೆ ನನಗೆ ಸಿಟ್ಟಿದೆ, ಪ್ರೀತಿಯೂ ಇದೆ, ಎರಡನ್ನೂ ಬರೆದಿದ್ದೇನೆ.

ನಿನ್ನ ಗುಬ್ಬಿ

*

ಏಪ್ರಿಲ್ 21

ಗುಬ್ಬಿ,

ಮೇಷ್ಟ್ರ ಮನೆಗೆ ಹೋಗಿದ್ದೆ. ಕೈ ಮುಗಿದು ಹೋದ ಆ ತಾಯಿಗೆ ಹೇಳದೆ ಇದ್ದರೆ, ನಿಮ್ಮ ಆಫೀಸಿಗೆ ಬರೆದುಕೊಟ್ಟದ್ದು ಅರ್ಧ ಗಡ್ಡ ತೆಗೆದು ಎದ್ದ ಹಾಗೆ ಎನ್ನಿಸಿತು. "ಹೋಗಬೇಡಿ, ಯಾಕೆ ಆರಿದ ಗಾಯ ಕೆರೀತೀರಿ" ಎಂದಳು ನಿನ್ನ ಅಮ್ಮ. ಆಮೇಲೆ ಅವಳೇ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಳು.

ಎರಡನೇ ಮಹಡಿ. ಬಾಗಿಲು ತೆರೆದು ನನ್ನನ್ನು ನೋಡಿ ಅವರ ಮುಖ ಅರಳಿತು. ಅದನ್ನು ನೋಡಿ ವಾಪಸ್ಸು ಇಳಿದು ಹೋಗೋಣ ಎನ್ನಿಸಿತು. ಕೂರಿಸಿ ನೀರು ಕೊಟ್ಟರು. ಮೇಲೆ ಚಾವಣಿಯಲ್ಲಿ ಮೇಷ್ಟ್ರು ಬದಲಿಸಲು ಹೋದ ಬಲ್ಬು ಹಾಗೇ ಇದೆ, ಹೊಸದನ್ನು ಇನ್ನೂ ಯಾರೂ ಹಾಕಿಲ್ಲ. ನಾನು ನೀರು ಕುಡಿಯದೆ ಎಲ್ಲ ಹೇಳಿದೆ. ಗುರುವಾರದ ಸೀನು, ಶುಕ್ರವಾರದ ಗಡ್ಡ, ಮಾಸ್ಕು, ಊದಿದ್ದು. ನಿನಗೆ ಬರೆದ ಹಾಗೇ, ಒಂದೂ ಬಿಡದೆ.

ನಾನು ಮುಟ್ಟದ ಲೋಟವನ್ನು ಎತ್ತಿ ಪಕ್ಕಕ್ಕಿಟ್ಟರು. ಆಮೇಲೆ, "ಅವರಿಗೆ ಗೊತ್ತಿತ್ತು" ಎಂದರು.

ನನಗೆ ಅರ್ಥವಾಗಲಿಲ್ಲ.

"ಶುಕ್ರವಾರ ಸಂಜೆ ನಾನು ಹೋದಾಗ ಅವರೇ ಹೇಳಿದ್ರು. ಪಾಪ, ನಮ್ಮ ಕ್ಷೌರದವರಿಗೆ ಜೋರು ನೆಗಡಿ ಕಣೇ, ಕಣ್ಣೆಲ್ಲ ಕೆಂಪಗಾಗಿದೆ, ನನಗೋಸ್ಕರ ಬಂದಿದ್ದಾರೆ ಅಂದ್ರು. ಸೋಮವಾರ ಡಾಕ್ಟರು ಬಂದು, ನೆಗಡಿ ಇದ್ದವರು ಯಾರಾದ್ರೂ ಹತ್ತಿರ ಬಂದಿದ್ರಾ ಅಂತ ಚೀಟೀಲಿ ಬರೆದು ಕೇಳಿದ್ರು. ನಾನು ಪಕ್ಕದಲ್ಲೇ ಇದ್ದೆ. ಇವರು ಇಲ್ಲ ಅಂದ್ರು. ಡಾಕ್ಟರು ಆ ಕಡೆ ಹೋದ ಮೇಲೆ ಯಾಕೆ ಹಾಗಂದ್ರಿ ಅಂದೆ. ಹೇಳಿದ್ರೆ ಅವರನ್ನ ಕೆಲಸದಿಂದ ತೆಗೀತಾರೆ, ಒಂದು ನೆಗಡಿಗೆ ಅಷ್ಟೆಲ್ಲ ಯಾಕೆ ಅಂದ್ರು. ನೀನೂ ಹೇಳ್ಬೇಡ ಅಂದ್ರು. ನಾನೂ ಹೇಳ್ಲಿಲ್ಲ."

ಆ ತಾಯಿ ಅತ್ತಿದ್ದರೆ ನಾನೂ ಅಳುತ್ತಿದ್ದೆ. ಅವರು ಅಳಲಿಲ್ಲ. "ಅವತ್ತೇ ಹೇಳಿದ್ರೆ ಗಂಟಲು ಪರೀಕ್ಷೆ ಮಾಡ್ತಿದ್ರೋ ಏನೋ. ಔಷಧಿ ಕೊಡ್ತಿದ್ರೋ ಏನೋ. ಮೂರು ತಿಂಗಳಿಂದ ನಾನೊಬ್ಬಳೇ ಇದನ್ನ ಇಟ್ಕೊಂಡು ಕೂತಿದ್ದೆ" ಎಂದರು. ನಾನೂ ಇಟ್ಟುಕೊಂಡಿದ್ದೆ ಎಂದೆ.

ಎದ್ದು ಬಾಗಿಲ ತನಕ ಬಂದರು. ಕ್ಷಮಿಸಿದೆ ಎನ್ನಲಿಲ್ಲ, ಇನ್ನೊಮ್ಮೆ ಬರಬೇಡಿ ಎಂದೂ ಅನ್ನಲಿಲ್ಲ. ಹೊರಡುವ ಮುಂಚೆ ಆ ಬಲ್ಬು ಹಾಕಿಕೊಡಲೇ ಎಂದು ಕೇಳಿದೆ. ಬೇಡ ಎಂದರು. ಸರಿ ಎಂದು ಬಂದೆ.

ಗುಬ್ಬಿ, ನಿಮ್ಮ ಕಡತದಲ್ಲಿ "ಇಲ್ಲ" ಎಂದು ಬರೆದಿದೆಯಲ್ಲ, ಅದು ನನಗಾಗಿ ಹೇಳಿದ್ದು. ಒಂದು ಡಿಗ್ರಿ ಹೆಚ್ಚು ಕಡಿಮೆಯಾದರೂ ಬಿಡದ ಮನುಷ್ಯ ಅಷ್ಟು ದೊಡ್ಡ ತಪ್ಪು ಉತ್ತರ ಕೊಟ್ಟರು. ಅದರ ಮುಂದೆ ಇದನ್ನೂ ಬರೆಸು. ನಾನು ಇನ್ನು ಮಲಗುತ್ತೇನೆ.

ನಿನ್ನ ಅಪ್ಪ

*

ನವೆಂಬರ್ 18

ಗುಬ್ಬಿ,

ನೀನು ಕಳಿಸಿದ ಹೊಸ ನಮೂನೆ ನೋಡಿದೆ. ಮುಟ್ಟಿದವರ ಪಟ್ಟಿಯಲ್ಲಿ ಕಸ ಗುಡಿಸುವವರ ಕೆಳಗೆ ಕ್ಷೌರಿಕ ಎಂದು ಅಚ್ಚಾಗಿದೆ. ನಿನ್ನ ಅಮ್ಮ ಅದನ್ನು ಎರಡು ಸಲ ಓದಿಸಿಕೊಂಡಳು.

ದೊಡ್ಡ ಸಿಸ್ಟರ್ ಜುಲೈನಲ್ಲಿ ಹೇಳಿ ಕಳಿಸಿದ್ದು ನಿನಗೆ ಗೊತ್ತೇ ಇದೆ. ಒಂದು ಮೆತ್ತನೆಯ ಬ್ರಷ್ ಇಟ್ಟುಕೊಂಡಿದ್ದೇನೆ, ಪ್ರತಿ ಮುಖಕ್ಕೂ ತೊಳೆಯುತ್ತೇನೆ. ಮೀಸೆ ತಿದ್ದಿ ಮುಗಿದ ತಕ್ಷಣ ಮಾಸ್ಕಿನ ಒಳಗೆ ಕೆನ್ನೆ ತಾನಾಗಿಯೇ ಉಬ್ಬುತ್ತದೆ. ಅಲ್ಲೇ ನಿಲ್ಲಿಸಿ ಬ್ರಷ್ ತೆಗೆದುಕೊಳ್ಳುತ್ತೇನೆ. ಈ ತಿಂಗಳು ಕೆಮ್ಮಿದ ಐವರಿಗೂ ಅದೇ ದಿನ ಪರೀಕ್ಷೆ ಮಾಡಿದರು. ಇಬ್ಬರಿಗೆ ಫ್ಲೂ ಇತ್ತು, ಬೇರೆ ಕೋಣೆಗೆ ಕಳಿಸಿದರು, ಇಬ್ಬರೂ ಬದುಕಿದ್ದಾರೆ.

ಈಗ ಏಳನೇ ಹಾಸಿಗೆಯಲ್ಲಿ ಒಬ್ಬ ಟೈಲರ್ ಇದ್ದಾರೆ. ನಾಳೆ ಮನೆಗೆ ಹೋಗುವವರು, ಇವತ್ತು ಗಡ್ಡ ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೆ. ಬೆಳಿಗ್ಗೆ ಎದ್ದಾಗ ಗಂಟಲು ಸ್ವಲ್ಪ ಕೆರೆಯಿತು. ಡಬ್ಬಿಯನ್ನು ನಾನೇ ಕಪಾಟಿನಲ್ಲಿಟ್ಟು, ಇವತ್ತು ಬರುವುದಿಲ್ಲ ಎಂದು ವಾರ್ಡಿಗೆ ಫೋನ್ ಮಾಡಿದೆ. ಟೈಲರ್ ಸಿಸ್ಟರ್ ಕೈಯಿಂದ ಫೋನ್ ಕಿತ್ತುಕೊಂಡು, "ಏನ್ರೀ ಇದು, ನಾಳೆ ಮೊಮ್ಮಕ್ಕಳೆಲ್ಲ ಬರ್ತಾರೆ, ಈ ಮುಳ್ಳುಹಂದಿ ಮುಖ ಇಟ್ಕೊಂಡು ಹೋಗ್ಲಾ?" ಎಂದು ಬೈದರು.

"ಹೋಗಿ ಸ್ವಾಮಿ, ಗಡ್ಡ ಕಾಯುತ್ತೆ" ಎಂದೆ.

ನಿನ್ನ ಅಪ್ಪ